ಮೂರನೆಯ ಚಕ್ರ

ಡೆಟ್ರಾಯಿಟ್ ನಗರದಿಂದ ಉತ್ತರಕ್ಕೆ ಸುಮಾರು 150 ಕಿ.ಮೀ. ಹೋದರೆ ಸ್ಯಾಗಿನಾ ಪಟ್ಟಣದ ಮಗ್ಗುಲಲ್ಲಿ ಬ್ರಿಜ್‌ಪೋರ್ಟ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ಪ್ಲಂಬಿಂಗ್ ಗುತ್ತಿಗೆ ಮಾಡಿಕೊಂಡಿದ್ದ ಆಲ್ ಥೀಮ್ ಎಂಬವರು 1968ರಲ್ಲಿ ತಮ್ಮ ಹೆಂಡತಿ ಮೇರಿಗಾಗಿ ಬ್ಯಾಟರಿಯಿಂದ ಓಡುವ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿದರು. ಮೇರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಮಿದುಳು ಕಳಿಸಿದ ಸಂಕೇತ ಕಾಲನ್ನು ಮುಟ್ಟುವಷ್ಟರಲ್ಲಿ ನಿಧಾನವಾಗುತ್ತದೆ, ಕೆಲವೊಮ್ಮೆ ದಾರಿಯಲ್ಲೇ ನಿಂತುಹೋಗುತ್ತದೆ. ಇಂಥವರು ಎದ್ದು ನಿಲ್ಲಬಲ್ಲರು, ನಾಲ್ಕು ಹೆಜ್ಜೆ ಹಾಕಬಲ್ಲರು; ಆದರೆ ಅಂಗಡಿಗೆ ಹೋಗಿ ಬರುವಷ್ಟು ಕಸುವು ಉಳಿದಿರುವುದಿಲ್ಲ. ಕೈಯಿಂದ ತಳ್ಳಿಕೊಳ್ಳುವ ಗಾಲಿಕುರ್ಚಿಗೆ ತೋಳಿನ ಬಲ ಬೇಕು, ಅದೂ ಕುಂದಿರುತ್ತದೆ.

ಥೀಮ್ ಅವರ ಗಾಡಿಯಲ್ಲಿ ಒಂದು ಸೀಟು, ಅದರ ಕೆಳಗೆ ಚಪ್ಪಟೆಯಾದ ಹಲಗೆ, ಮುಂದೆ ನಿಂತ ಕಂಬಕ್ಕೆ ಹ್ಯಾಂಡಲ್ಲು. ಹಿಂದೆ ಎರಡು ಚಕ್ರ, ಮುಂದೆ ಒಂದು. ಅದಕ್ಕೆ ಅವರಿಟ್ಟ ಹೆಸರು ಅಮಿಗೊ. ಮುಂದೆ ಪ್ಲಂಬಿಂಗ್ ಕೆಲಸ ಬಿಟ್ಟು ಅದನ್ನೇ ತಯಾರಿಸುವ ಕಂಪನಿ ಕಟ್ಟಿದರು. ಇಂದು ಪ್ರಪಂಚದ ಎಲ್ಲ ಕಡೆ ಮೊಬಿಲಿಟಿ ಸ್ಕೂಟರ್ ಎಂದು ಮಾರುವ ಗಾಡಿಗಳ ವಂಶ ಶುರುವಾಗುವುದು ಆ ಊರಿನಿಂದ. ಅಮೆರಿಕದ ದೊಡ್ಡ ಅಂಗಡಿಗಳ ಬಾಗಿಲಲ್ಲಿ ಬುಟ್ಟಿ ಕಟ್ಟಿಕೊಂಡು ನಿಂತಿರುವ ಬ್ಯಾಟರಿ ಗಾಡಿಗಳೂ ಅದೇ ವಂಶದವು.

ಸರಿಯಾಗಿ ಐವತ್ತು ವರ್ಷಗಳ ನಂತರ, 2018ರ ಜುಲೈ ಕೊನೆಯಲ್ಲಿ, ಡೆಟ್ರಾಯಿಟ್‌ನ ನಡುಪೇಟೆಯ ಫುಟ್‌ಪಾತ್‌ಗಳ ಮೇಲೆ ಬರ್ಡ್ ಕಂಪನಿಯ ಎಲೆಕ್ಟ್ರಿಕ್ ಸ್ಕೂಟರುಗಳು ಕಾಣಿಸಿಕೊಂಡವು. ಲೈಮ್ ಮತ್ತು ಸ್ಪಿನ್ ಹಿಂಬಾಲಿಸಿದವು. ಪಕ್ಕದ ಡಿಯರ್‌ಬಾರ್ನ್‌ನ ಫೋರ್ಡ್ ಕಂಪನಿ ಅದೇ ನವೆಂಬರಿನಲ್ಲಿ ಸ್ಪಿನ್ ಅನ್ನು ಕೊಂಡುಕೊಂಡಿತು. ಶಿಕಾಗೊ ಇನ್ನಷ್ಟು ಎಚ್ಚರದಿಂದ ಹೆಜ್ಜೆ ಇಟ್ಟಿತು. 2019ರ ಜೂನ್ 15ರಿಂದ ನಾಲ್ಕು ತಿಂಗಳು ನಗರದ ಪಶ್ಚಿಮ ಮತ್ತು ವಾಯವ್ಯ ಭಾಗಗಳಲ್ಲಿ ಮಾತ್ರ ಪ್ರಯೋಗ. ಹತ್ತು ಕಂಪನಿ, 2,500 ಸ್ಕೂಟರು, ಸುಮಾರು 8 ಲಕ್ಷ 20 ಸಾವಿರ ಸವಾರಿ. ಮರುವರ್ಷ ಕೋವಿಡ್ ನಡುವೆ ಇನ್ನೊಂದು ಪ್ರಯೋಗ. ಮೂರೇ ಕಂಪನಿ, 10,000 ಸ್ಕೂಟರು, ನಡುಪೇಟೆ ಮತ್ತು ಸರೋವರದ ದಂಡೆಯ ದಾರಿ ಬಿಟ್ಟು ಹೆಚ್ಚುಕಡಿಮೆ ಇಡೀ ನಗರ. 2022ರಲ್ಲಿ ಕಾಯಂ ಪರವಾನಗಿಗಳು ಬಂದವು.

ಈ ಸ್ಕೂಟರಿಗೆ ಸೀಟಿಲ್ಲ, ಮೂರನೆಯ ಚಕ್ರವೂ ಇಲ್ಲ. ಅದು ಕೇಳುವ ದೇಹ ಯಾವುದೆಂದು ನೋಡಿ. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯಬೇಕು. ನಡಿಗೆಯ ವೇಗ ಬಂದ ಮೇಲಷ್ಟೇ ಮೋಟಾರು ಕೈಜೋಡಿಸುವಂತೆ ಹೆಚ್ಚಿನ ಮಾದರಿಗಳನ್ನು ಮಾಡಿರುತ್ತಾರೆ. ಬಲಗೈ ಹೆಬ್ಬೆರಳಿಗೆ ವೇಗದ ಸನ್ನೆ, ಎಡಗೈ ಬೆರಳುಗಳಿಗೆ ಬ್ರೇಕು. ಲಕ್ವ ಹೊಡೆದು ಒಂದು ಕೈ ಸೋತವರು ಇಲ್ಲೇ ಹೊರಗುಳಿದರು. ಕೃತಕ ಕಾಲಿನವರಿಗೆ ಆ ಮೊದಲ ಒದೆತವೇ ಕಷ್ಟ. ನಿಂತು ಹೋಗುವಾಗ ರಸ್ತೆಯ ಪ್ರತಿ ಅಲುಗಾಟಕ್ಕೂ ಪಾದದ ಗಂಟು, ಮಂಡಿ, ಸೊಂಟ, ಒಳಕಿವಿಯ ಸಮತೋಲನ ಅಂಗ ಕೂಡಿ ಕ್ಷಣಕ್ಷಣಕ್ಕೂ ಉತ್ತರ ಕೊಡುತ್ತಿರಬೇಕು. ಮಂಡಿ ಸವೆದ ಅರವತ್ತೈದರ ಹಿರಿಯರಿಗೆ ಇದು ಆಗದ ಮಾತು. ಮೊಬಿಲಿಟಿ ಸ್ಕೂಟರಿನಲ್ಲಿ ಹಾಗಿಲ್ಲ. ಸನ್ನೆಯನ್ನು ಒತ್ತಿದರೆ ಹೊರಡುತ್ತದೆ. ಕೈ ಬಿಟ್ಟರೆ ವಿದ್ಯುತ್ಕಾಂತೀಯ ಬ್ರೇಕು ತಾನಾಗಿ ಹಿಡಿದು ಗಾಡಿ ನಿಲ್ಲುತ್ತದೆ. ಕೊರತೆ ಇರುವುದು ವೇಗದಲ್ಲಿ. ಗಂಟೆಗೆ 6ರಿಂದ 8 ಕಿ.ಮೀ. ಮೀರುವುದು ಅಪರೂಪ, ನಿಂತು ಓಡಿಸುವುದಕ್ಕಾದರೆ ಶಿಕಾಗೊ ಕೊಟ್ಟ ಮಿತಿಯೇ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ.

ಒಂದು ಗಾಡಿ ಕೂರಲು ಬಿಡುತ್ತದೆ, ದೂರ ಒಯ್ಯುವುದಿಲ್ಲ. ಇನ್ನೊಂದು ದೂರ ಒಯ್ಯುತ್ತದೆ, ಕೂರಲು ಬಿಡುವುದಿಲ್ಲ. ಎರಡರ ನಡುವಿನ ಗಾಡಿ ಯಾಕೆ ಬೀದಿಗೆ ಬರಲಿಲ್ಲ? ಮೋಟಾರು, ಬ್ಯಾಟರಿ ದುಬಾರಿ ಎಂಬ ಉತ್ತರ ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಅಲ್ಲ. ಲೆಕ್ಕ ಹಾಕಿಯೇ ನೋಡೋಣ.

75 ಕೆ.ಜಿ. ತೂಕದ ಸವಾರ, 15 ಕೆ.ಜಿ. ಸ್ಕೂಟರು, ಸಮತಟ್ಟಾದ ರಸ್ತೆ, ಗಂಟೆಗೆ 24 ಕಿ.ಮೀ. ವೇಗ. ಶಿಕಾಗೊ, ಡೆಟ್ರಾಯಿಟ್ ಎರಡೂ ಹಿಮನದಿಗಳು ತೀಡಿ ಹೋದ ಬಯಲಿನ ಮೇಲಿರುವ ಊರುಗಳು, ಏರಿನ ಚಿಂತೆ ಬೇಡ. ಟೈರು ರಸ್ತೆಗೆ ಒತ್ತಿ ಉರುಳುವಾಗ ಆಗುವ ತಡೆ ಸುಮಾರು 13 ನ್ಯೂಟನ್. ಗಾಳಿಯ ತಡೆ ಸುಮಾರು 16. ಎರಡನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಸುಮಾರು 200 ವ್ಯಾಟ್. ಮನೆಯ ಇಸ್ತ್ರಿಪೆಟ್ಟಿಗೆ ಉಣ್ಣುವ ವಿದ್ಯುತ್ತಿನ ಐದನೆಯ ಒಂದು ಪಾಲಿನಲ್ಲಿ ಒಬ್ಬ ಮನುಷ್ಯ ಊರು ದಾಟಬಲ್ಲ. ಮೋಟಾರಿನಲ್ಲಿ ಬಿಸಿಯಾಗಿ ಸೋರುವುದನ್ನು ಸೇರಿಸಿದರೂ ಕಿಲೋಮೀಟರಿಗೆ 10 ವ್ಯಾಟ್-ಗಂಟೆ ಸಾಕು. ಸಾಧಾರಣ ಸ್ಕೂಟರಿನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಗಂಟೆ. ಒಟ್ಟು 360 ವ್ಯಾಟ್-ಗಂಟೆ. ಕಾಗದದ ಮೇಲೆ 35 ಕಿ.ಮೀ., ನಿಂತು ಹೊರಡುವ ಪೇಟೆ ಓಡಾಟದಲ್ಲಿ 20ರಿಂದ 25. ಅದನ್ನು ತುಂಬಿಸಲು ಅಲ್ಲಿನ ದರದಲ್ಲಿ ಕೆಲವೇ ಸೆಂಟು ಸಾಕು.

ಗಾಳಿಯ ಮಾತು ಬಂದಾಗ ಶಿಕಾಗೊವನ್ನು ಮರೆಯುವಂತಿಲ್ಲ. ಮಿಶಿಗನ್ ಸರೋವರದ ಕಡೆಯಿಂದ ಗಂಟೆಗೆ 24 ಕಿ.ಮೀ. ಎದುರುಗಾಳಿ ಬೀಸಿತೆನ್ನಿ. ಸವಾರನ ಮೈಗೆ ತಾಗುವ ಗಾಳಿಯ ವೇಗ ಇಮ್ಮಡಿ, ಅದರ ತಡೆ ನಾಲ್ಕು ಪಟ್ಟು. ಬೇಕಾದ ಶಕ್ತಿ 200ರಿಂದ 500 ವ್ಯಾಟ್ ಮೇಲಕ್ಕೆ ಜಿಗಿಯುತ್ತದೆ. 350 ವ್ಯಾಟ್ ಮೋಟಾರಿನ ಅಗ್ಗದ ಸ್ಕೂಟರು ಏದುಸಿರು ಬಿಡತೊಡಗುತ್ತದೆ, ಬ್ಯಾಟರಿ ಅರ್ಧ ದಾರಿಗೇ ಬರಿದಾಗುತ್ತದೆ. ಕೂತವರ ಮೈ ಗಾಳಿಗೆ ಒಡ್ಡುವ ಮೇಲ್ಮೈ ನಿಂತವರದ್ದಕ್ಕಿಂತ ಕಡಿಮೆ. ಸೀಟು ಇಲ್ಲಿಯೂ ಲಾಭವೇ.

ಬ್ಯಾಟರಿಯ ಕಥೆಯಲ್ಲೂ ಈ ಸೀಮೆಗೆ ದೊಡ್ಡ ಪಾಲಿದೆ. ಶಿಕಾಗೊದಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ದೂರದ ಲೆಮಾಂಟ್‌ನಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವಿದೆ. ಲಿಥಿಯಂ-ಅಯಾನ್ ಕೋಶದ ಧನಾಗ್ರಕ್ಕೆ ಮೊದಲು ಬಳಸುತ್ತಿದ್ದುದು ಕೋಬಾಲ್ಟ್ ಆಕ್ಸೈಡ್. ಕೋಬಾಲ್ಟ್ ದುಬಾರಿ, ಬಿಸಿಯಾದಾಗ ಅದರ ಹರಳು ಆಮ್ಲಜನಕ ಬಿಟ್ಟುಕೊಟ್ಟು ಬೆಂಕಿಗೆ ದಾರಿ ಮಾಡುತ್ತದೆ. ಇಸವಿ 2000ದ ಆಸುಪಾಸಿನಲ್ಲಿ ಆರ್ಗಾನ್‌ನ ಮೈಕೆಲ್ ಥ್ಯಾಕರೆ, ಖಲೀಲ್ ಅಮೀನ್ ಮತ್ತು ಸಂಗಡಿಗರು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆಸಿದ ಪದರಪದರದ ಹರಳುಗಳನ್ನು ರೂಪಿಸಿದರು. ಅದೇ ಹೊತ್ತಿಗೆ ಕೆನಡಾದಲ್ಲಿ ಜೆಫ್ ಡಾನ್ ಅವರ ತಂಡವೂ ಆ ದಾರಿಯಲ್ಲೇ ಇತ್ತು. ಅಗ್ಗದ ಮ್ಯಾಂಗನೀಸ್ ಹರಳಿನ ಚೌಕಟ್ಟನ್ನು ಗಟ್ಟಿಮಾಡಿತು, ನಿಕಲ್ ಹೆಚ್ಚು ವಿದ್ಯುತ್ತನ್ನು ತುಂಬಿಕೊಂಡಿತು. 2011ರಲ್ಲಿ ಜನರಲ್ ಮೋಟಾರ್ಸ್ ಮತ್ತು ಎಲ್‌ಜಿ ಕೆಮ್ ಆರ್ಗಾನ್‌ನಿಂದ ಇದರ ಪರವಾನಗಿ ಪಡೆದವು. ಡೆಟ್ರಾಯಿಟ್ ಗಡಿಯ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಶೆವ್ರೊಲೆ ವೋಲ್ಟ್ ಕಾರಿನ ಹೊಟ್ಟೆಗೆ ಅದು ಸೇರಿತು. ಅದೇ ರಸಾಯನ ಇಂದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, 18 ಮಿ.ಮೀ. ಅಡ್ಡಗಲ, 65 ಮಿ.ಮೀ. ಉದ್ದದ ಕೋಶಗಳ ರೂಪದಲ್ಲಿ ಸ್ಕೂಟರಿನ ಹಲಗೆಯ ಕೆಳಗೆ ಸಾಲುಗಟ್ಟಿ ಮಲಗಿದೆ. 3.6 ವೋಲ್ಟಿನ ಹತ್ತು ಕೋಶ ಒಂದರ ಹಿಂದೊಂದು ಜೋಡಿಸಿದರೆ 36 ವೋಲ್ಟ್.

2010ರಲ್ಲಿ ಇಂಥ ಬ್ಯಾಟರಿಗೆ ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2023ರ ಹೊತ್ತಿಗೆ ಸರಾಸರಿ 140 ಡಾಲರಿನ ಆಸುಪಾಸಿಗೆ ಇಳಿಯಿತು. ಈ ಲೆಕ್ಕದಲ್ಲಿ ನಮ್ಮ 360 ವ್ಯಾಟ್-ಗಂಟೆಯ ಬ್ಯಾಟರಿಯ ಬೆಲೆ ಐವತ್ತು ಡಾಲರು. ಕಬ್ಬಿಣ-ಫಾಸ್ಫೇಟ್ ಕೋಶಗಳು ಇನ್ನೂ ಅಗ್ಗ, ಬೆಂಕಿಯ ಭಯವೂ ಕಡಿಮೆ. ಅವುಗಳ ಹಿಂದಿರುವ ಜಾನ್ ಗುಡಿನಫ್ 1952ರಲ್ಲಿ ಪಿಎಚ್.ಡಿ. ಪಡೆದದ್ದು ಶಿಕಾಗೊ ವಿಶ್ವವಿದ್ಯಾಲಯದಿಂದ. ಇಷ್ಟಾದರೂ ಬಹಳಷ್ಟು ಮೊಬಿಲಿಟಿ ಸ್ಕೂಟರುಗಳು ಇಂದಿಗೂ ಎರಡು ಸೀಸ-ಆಮ್ಲದ ಬ್ಯಾಟರಿಗಳನ್ನು ಹೊತ್ತುಕೊಂಡೇ ಓಡಾಡುತ್ತಿವೆ. ಗಾಡಿಯನ್ನು ಕಾರಿನ ಡಿಕ್ಕಿಗೆ ಎತ್ತಿಡಬೇಕಾದ ಎಪ್ಪತ್ತರ ಗಂಡನಿಗೋ ಹೆಂಡತಿಗೋ ಆ ಸೀಸದ ಭಾರ ದಿನವೂ ಗೊತ್ತಾಗುತ್ತದೆ.

ಚಳಿಗಾಲ ಬೇರೆಯೇ ಪರೀಕ್ಷೆ. 2019ರ ಜನವರಿ 30ರಂದು ಶಿಕಾಗೊದ ತಾಪ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ದಿನ ಯಾರೂ ಸ್ಕೂಟರು ತೆಗೆಯುವುದಿಲ್ಲ, ಆದರೆ ಸೊನ್ನೆಯ ಆಚೀಚೆ ಇರುವ ದಿನಗಳು ಅಲ್ಲಿ ನಾಲ್ಕು ತಿಂಗಳು. ತಣ್ಣಗಾದಂತೆ ಕೋಶದೊಳಗಿನ ದ್ರಾವಣ ಮಂದವಾಗಿ ಅಯಾನುಗಳು ನಿಧಾನವಾಗಿ ಚಲಿಸುತ್ತವೆ, ಒಳತಡೆ ಏರಿ ವೋಲ್ಟೇಜು ಕುಸಿಯುತ್ತದೆ. ಬೇಸಗೆಯಲ್ಲಿ 24 ಕಿ.ಮೀ. ಹೋಗುತ್ತಿದ್ದದ್ದು 16ಕ್ಕೇ ನಿಂತರೆ ಆಶ್ಚರ್ಯವಿಲ್ಲ. ಇದು ತಾತ್ಕಾಲಿಕ, ಬೆಚ್ಚಗಾದರೆ ಶಕ್ತಿ ಮರಳುತ್ತದೆ. ಮರಳದ ಹಾನಿ ಆಗುವುದು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜಿಗೆ ಹಾಕಿದಾಗ. ಆಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ಬೇಗ ನುಸುಳಲಾರದೆ ಹೊರಮೈಯಲ್ಲೇ ಲೋಹವಾಗಿ ಕೂರುತ್ತವೆ. ಆ ಲೋಹ ಮುಳ್ಳುಮುಳ್ಳಾಗಿ ಬೆಳೆದು ನಡುವಿನ ತೆಳುಪರದೆಯನ್ನು ಚುಚ್ಚಿದರೆ ಕೋಶದೊಳಗೇ ಶಾರ್ಟ್ ಸರ್ಕ್ಯೂಟು. ಹಿಮದಲ್ಲಿ ಓಡಿಸಿ ತಂದ ಸ್ಕೂಟರನ್ನು ಒಂದೆರಡು ಗಂಟೆ ಮನೆಯೊಳಗೆ ಬೆಚ್ಚಗಾಗಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಹೊರಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಇಡಬೇಡಿ. ಗಾಲಿಕುರ್ಚಿಯವರ ಮನೆಯಲ್ಲಂತೂ ಇದು ಜೀವದ ಪ್ರಶ್ನೆ.

ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಲಿಥಿಯಂ ಬ್ಯಾಟರಿಯ ಬೆಂಕಿಗೆ 18 ಜನ ಸತ್ತರು. ಅಗ್ಗದ ಗಾಡಿ ಹುಡುಕುವವರು ಎಲ್ಲಿ ಉಳಿಸಬಾರದು ಎಂಬುದಕ್ಕೆ ಇದೇ ಉತ್ತರ. ಬ್ಯಾಟರಿ, ಚಾರ್ಜರು, ವೈರಿಂಗು ಒಟ್ಟಾಗಿ ಪರೀಕ್ಷೆ ಪಾಸಾಗಿವೆ ಎಂದು ಹೇಳುವ ಯುಎಲ್ 2272 ಗುರುತು ಸ್ಕೂಟರಿನ ಮೇಲೆ ಇರಬೇಕು. ಆ ಯುಎಲ್ ಹುಟ್ಟಿದ್ದೂ ಶಿಕಾಗೊದಲ್ಲೇ. 1893ರ ವಿಶ್ವಪ್ರದರ್ಶನದ ಸಾವಿರಾರು ವಿದ್ಯುದ್ದೀಪಗಳ ಅಪಾಯ ಪರಿಶೀಲಿಸಲು ಬಾಸ್ಟನ್‌ನಿಂದ ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಎಂಜಿನಿಯರು ಮರುವರ್ಷ ಅಲ್ಲೇ ಅದನ್ನು ಶುರುಮಾಡಿದರು.

ಇನ್ನು ಚಕ್ರ. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ, ಮಾರುವವರು ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

2016ರ ಕೊನೆಯಲ್ಲಿ ಶಿಯೋಮಿ ಕಂಪನಿ ಬಿಟ್ಟ ಎಂ365 ಮಾದರಿಯ ಚಕ್ರ ಎಂಟೂವರೆ ಇಂಚಿನದು. ಬಾಡಿಗೆ ಕಂಪನಿಗಳ ಮೊದಲ ಸ್ಕೂಟರುಗಳಲ್ಲಿ ಬಹಳಷ್ಟು ಅದರ ಅಣ್ಣತಮ್ಮಂದಿರು. ಶಿಕಾಗೊ, ಡೆಟ್ರಾಯಿಟ್ ರಸ್ತೆಗಳಲ್ಲಿ ಪ್ರತಿ ಮಾರ್ಚಿನಲ್ಲಿ ಗುಂಡಿಗಳು ಏಳುತ್ತವೆ. ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಹಗಲು ಕರಗಿ ಇನ್ನೂ ಆಳಕ್ಕಿಳಿಯುತ್ತದೆ, ಮೇಲೆ ಲಾರಿ ಹಾಯುತ್ತದೆ. ಹೀಗೆ ಎದ್ದ ಐದು ಸೆಂಟಿಮೀಟರ್ ಎತ್ತರದ ಅಂಚಿಗೆ ಚಕ್ರ ಬಡಿಯಿತು ಎಂದುಕೊಳ್ಳಿ. ಅಂಚನ್ನು ಹತ್ತಿಸಲು ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳಬೇಕೆಂಬುದನ್ನು ಹೈಸ್ಕೂಲಿನ ರೇಖಾಗಣಿತದಿಂದಲೇ ತೆಗೆಯಬಹುದು. ಸೈಕಲ್ಲಿನ ದೊಡ್ಡ ಚಕ್ರಕ್ಕೆ ಅದರ ಮೇಲಿರುವ ಭಾರದ ಶೇ. 60ರಷ್ಟು ಬಲ ಸಾಕು. ಹನ್ನೆರಡು ಇಂಚಿನ ಚಕ್ರಕ್ಕೆ ಭಾರಕ್ಕಿಂತ ತುಸು ಹೆಚ್ಚು. ಎಂಟೂವರೆ ಇಂಚಿನದಕ್ಕೆ ಭಾರದ ಒಂದೂವರೆ ಪಟ್ಟು. ಅಷ್ಟು ಬಲ ಎಲ್ಲೂ ಸಿಗದೆ ಚಕ್ರ ಅಲ್ಲೇ ನಿಲ್ಲುತ್ತದೆ. ಎತ್ತರದಲ್ಲಿ ನಿಂತ ಸವಾರನ ದೇಹ ಮಾತ್ರ ಅದೇ ವೇಗದಲ್ಲಿ ಮುಂದುವರಿದು ಹ್ಯಾಂಡಲ್ಲಿನ ಮೇಲಿಂದ ಹಾರುತ್ತದೆ. ಶಿಕಾಗೊದ ಪ್ರಯೋಗಗಳಲ್ಲಿ ಓಡಿದ ಗಾಡಿಗಳಿಗೆ ಹೋಲಿಸಿದರೆ ಮುಂದೆ ಬಂದ ಬಾಡಿಗೆ ಸ್ಕೂಟರುಗಳ ಚಕ್ರ ದೊಡ್ಡದಾಗುತ್ತ ಬಂದಿದೆ. ಮನೆಗೆ ಕೊಳ್ಳುವವರಿಗೆ ಸಿಗುವ ಅಗ್ಗದ ಮಾದರಿಗಳಲ್ಲಿ ಎಂಟೂವರೆ ಇಂಚು ಹಾಗೇ ಉಳಿದಿದೆ.

ಹಾಗಾದರೆ ಮೂರನೆಯ ಚಕ್ರ ಸೇರಿಸಿ, ಸೀಟು ಹಾಕಿ, 24 ಕಿ.ಮೀ. ವೇಗ ಕೊಟ್ಟುಬಿಡೋಣವೆಂದರೆ ಅಲ್ಲೊಂದು ಗಂಟಿದೆ. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಕ್ಕೆ ವಾಲಿ ಸಮತೋಲನ ಕಾಯ್ದುಕೊಳ್ಳುತ್ತದೆ. ಮೂರು ಚಕ್ರದ್ದು ವಾಲಲಾರದು. ತಿರುವಿನಲ್ಲಿ ಹೊರಕ್ಕೆ ಮಗುಚಲು ನೋಡುತ್ತದೆ. ಅದನ್ನು ತಡೆಯುವುದು ಎರಡು ಸಂಗತಿ: ಚಕ್ರಗಳ ನಡುವಿನ ಅಗಲ ಮತ್ತು ಗುರುತ್ವಕೇಂದ್ರದ ಎತ್ತರ. ಅರ್ಧ ಮೀಟರ್ ಅಗಲದ ಗಾಡಿಯಲ್ಲಿ ಕೂತವರ ಗುರುತ್ವಕೇಂದ್ರ ನೆಲದಿಂದ 60 ಸೆಂ.ಮೀ. ಮೇಲಿದ್ದರೆ, ನಾಲ್ಕು ಚಕ್ರದ ಗಾಡಿ ಮೂರು ಮೀಟರ್ ತ್ರಿಜ್ಯದ ಮೂಲೆಯನ್ನು ಗಂಟೆಗೆ 12 ಕಿ.ಮೀ.ವರೆಗೆ ತಿರುಗಬಲ್ಲದು. ಮುಂದೆ ಒಂದೇ ಚಕ್ರವಿರುವ ಗಾಡಿಯ ಆಧಾರ ತ್ರಿಕೋನಾಕಾರದ್ದು, ಸವಾರ ಕೂರುವಲ್ಲಿ ಅದು ಕಿರಿದಾಗಿರುತ್ತದೆ. ಅದು 10 ಕಿ.ಮೀ. ಹತ್ತಿರವೇ ಮಗುಚತೊಡಗುತ್ತದೆ. ಮೊಬಿಲಿಟಿ ಸ್ಕೂಟರಿನ ನಿಧಾನಕ್ಕೆ ಈ ಲೆಕ್ಕವೇ ಒಂದು ಕಾರಣ.

ಗಂಟು ಬಿಡಿಸುವ ದಾರಿಗಳೂ ಇವೆ, ಯಾವುದೂ ಹೊಸದಲ್ಲ. ಬ್ಯಾಟರಿಯನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಸೀಟನ್ನು ತಗ್ಗಿಸುವುದು. ಜೋಡಿ ಚಕ್ರವನ್ನು ಮುಂದಿಟ್ಟು ಒಂಟಿ ಚಕ್ರವನ್ನು ಹಿಂದಿಡುವುದು. ಬ್ರೇಕು ಹಾಕುತ್ತ ತಿರುಗುವಾಗ ಭಾರ ಮುಂದಕ್ಕೆ ಸರಿಯುತ್ತದೆ, ಅಗಲ ಬೇಕಾಗುವುದು ಅಲ್ಲಿಯೇ. ಮೂರು ಚಕ್ರವಿದ್ದೂ ಕೀಲಿನ ಮೂಲಕ ಮೈ ವಾಲಿಸುವ ಜೋಡಣೆ ಮೂರನೆಯದು. ಹ್ಯಾಂಡಲ್ಲು ತಿರುಗಿದಷ್ಟೂ ವೇಗವನ್ನು ತಾನಾಗಿ ತಗ್ಗಿಸುವ ಸಣ್ಣ ಸರ್ಕ್ಯೂಟು ನಾಲ್ಕನೆಯದು, ಎಲ್ಲಕ್ಕಿಂತ ಅಗ್ಗದ್ದು. ಇವುಗಳಲ್ಲಿ ಕೈಗೆಟುಕದ ವಿಜ್ಞಾನವೇನೂ ಇಲ್ಲ.

ಗಾಡಿ ಸಿದ್ಧವಾದರೂ ದಾರಿ ಬೇಕಲ್ಲ. ಡೆಟ್ರಾಯಿಟ್‌ನಿಂದ ಶಿಕಾಗೊಗೆ ಹೋಗುವ ಐ-94 ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ನಟ್ಟನಡುವೆ ಕಲಮಜೂ ಎಂಬ ಊರು ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದಾಗ ಗಾಯಗೊಂಡು ಮರಳಿದ ಜ್ಯಾಕ್ ಫಿಶರ್ ಎಂಬ ವಕೀಲರು 1945ರಲ್ಲಿ ಅಲ್ಲಿನ ನಗರಾಡಳಿತಕ್ಕೆ ಅರ್ಜಿ ಕೊಟ್ಟು, ಮೂಲೆಗಳಲ್ಲಿ ಫುಟ್‌ಪಾತಿನ ಅಂಚನ್ನು ಕಡಿದು ಇಳಿಜಾರು ಮಾಡಿಸಿದರು. ಅಮೆರಿಕದಲ್ಲಿ ಅಂಥ ಇಳಿಜಾರುಗಳಲ್ಲಿ ಮೊದಲನೆಯವು ಇವು ಎಂದು ಹೇಳುತ್ತಾರೆ. ಇಂದು ಅವುಗಳ ಮೇಲೆ ಮಗುವಿನ ತಳ್ಳುಗಾಡಿ, ಸಾಮಾನಿನ ಟ್ರಾಲಿ, ಕೊರಿಯರ್ ಹುಡುಗರ ಗಾಡಿ ಎಲ್ಲವೂ ಉರುಳುತ್ತವೆ. ಸೀಟಿರುವ, ದೊಡ್ಡ ಚಕ್ರದ ಸ್ಕೂಟರಿಗೂ ಹೀಗೇ ಆಗುತ್ತದೆಂಬುದು ನನ್ನ ನಂಬಿಕೆ. ಮಂಡಿ ನೋವಿನವರಿಗಾಗಿ ಮಾಡಿದ ಗಾಡಿಯಲ್ಲಿ ತರಕಾರಿ ಚೀಲ ಹೊತ್ತ ಗಟ್ಟಿಮುಟ್ಟಾದವರೂ ಕೂರುತ್ತಾರೆ.

ಅಂಗವಿಕಲರ ಹಕ್ಕಿನ ಹೋರಾಟ ಈ ಎರಡೂ ನಗರಗಳಲ್ಲಿ ಹಳೆಯದು, ಗಟ್ಟಿಯಾದದ್ದು. ಶಿಕಾಗೊದಲ್ಲಿ ದಾದಿಯಾಗಿದ್ದ ಮಾರ್ಕಾ ಬ್ರಿಸ್ಟೊ 1977ರಲ್ಲಿ ಮಿಶಿಗನ್ ಸರೋವರಕ್ಕೆ ಧುಮುಕಿದಾಗ ಬೆನ್ನುಹುರಿಗೆ ಪೆಟ್ಟಾಯಿತು; 1980ರಲ್ಲಿ ಅವರು ಆಕ್ಸೆಸ್ ಲಿವಿಂಗ್ ಸಂಸ್ಥೆ ಕಟ್ಟಿದರು, 1990ರ ಅಂಗವಿಕಲರ ಕಾಯ್ದೆಗಾಗಿ ದುಡಿದರು. ಡೆಟ್ರಾಯಿಟ್‌ನಲ್ಲಿ ಬಸ್ಸುಗಳ ಗಾಲಿಕುರ್ಚಿ ಲಿಫ್ಟು ಕೆಟ್ಟು ನಿಂತಿದ್ದಕ್ಕೆ ಪ್ರಯಾಣಿಕರ ಪರವಾಗಿ 2000ದ ದಶಕದ ನಡುವೆ ಮೊಕದ್ದಮೆ ನಡೆಸಿದ್ದು ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಂಧ ವಕೀಲರು. ಈಗ ಅವರು ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಶಿಕಾಗೊದ 2,800ಕ್ಕೂ ಹೆಚ್ಚು ಸಿಗ್ನಲ್ ವೃತ್ತಗಳಲ್ಲಿ ಅಂಧರಿಗೆ ದನಿಯಿಂದ ದಾರಿ ಹೇಳುವವು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬ ಕಾರಣಕ್ಕೆ 2023ರಲ್ಲಿ ನ್ಯಾಯಾಲಯ ನಗರದ ವಿರುದ್ಧ ತೀರ್ಪು ಕೊಟ್ಟಿತು. ಇದೇ ಅಂಧರಿಗೆ ಫುಟ್‌ಪಾತಿನಲ್ಲಿ ಅಡ್ಡಬಿದ್ದ ಬಾಡಿಗೆ ಸ್ಕೂಟರು ಇನ್ನೊಂದು ಕಂಟಕವಾಯಿತು. ಶಿಕಾಗೊ ಎರಡನೆಯ ಪ್ರಯೋಗದಲ್ಲಿ ಪ್ರತಿ ಸ್ಕೂಟರಿಗೂ ಬೀಗ ಕಡ್ಡಾಯ ಮಾಡಿತು. ಸೈಕಲ್ ಕಟ್ಟುವ ಕಂಬಕ್ಕೋ ಬೋರ್ಡಿಗೋ ಕಟ್ಟಿದರಷ್ಟೇ ಸವಾರಿಯ ಮೀಟರು ನಿಲ್ಲುತ್ತದೆ. ಬೆಂಗಳೂರಿನವರು ಎತ್ತಿಕೊಳ್ಳಬೇಕಾದ ನಿಯಮ ಇದು.

ದುಡ್ಡಿನ ಮಾತಿಗೆ ಬರೋಣ. 2019ರಲ್ಲಿ ಬಾಡಿಗೆ ಸ್ಕೂಟರಿಗೆ ಬೀಗ ತೆಗೆಯಲು ಒಂದು ಡಾಲರು, ಆಮೇಲೆ ನಿಮಿಷಕ್ಕೆ 15 ಸೆಂಟು ರೂಢಿಯಲ್ಲಿತ್ತು. ಇಪ್ಪತ್ತು ನಿಮಿಷಕ್ಕೆ ನಾಲ್ಕು ಡಾಲರು. ಶಿಕಾಗೊ ಬಸ್ಸಿನ ಟಿಕೀಟು ಆಗ ಎರಡೂಕಾಲು ಡಾಲರು. ನಿಮಿಷದ ದರ ಆಮೇಲೆ ಇನ್ನೂ ಏರಿದೆ. ದಿನನಿತ್ಯ ಕೆಲಸಕ್ಕೆ ಹೋಗುವವರಿಗೆ ಬಾಡಿಗೆಯದು ಅಗ್ಗದ ದಾರಿಯಲ್ಲ; 400ರಿಂದ 600 ಡಾಲರಿಗೆ ಸಿಗುವ ಸ್ವಂತ ಗಾಡಿ ಅಗ್ಗ. ಡೆಟ್ರಾಯಿಟ್‌ನಲ್ಲಿ ಇದು ಸಣ್ಣ ವಿಷಯವಲ್ಲ. ಕಾರುಗಳ ರಾಜಧಾನಿಯಲ್ಲಿ ಬಹಳಷ್ಟು ಮನೆಗಳಿಗೆ ಕಾರಿಲ್ಲ, ಕಾರಿನ ವಿಮೆ ದೇಶದಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಎರಡೂ ನಗರಗಳನ್ನು ಮೈಲಿಗೊಂದು ದೊಡ್ಡ ರಸ್ತೆಯಂತೆ ಚೌಕಚೌಕವಾಗಿ ಅಳೆದಿದ್ದಾರೆ. ಶಿಕಾಗೊದಲ್ಲಿ ಮನೆ ನಂಬರು 800 ಏರಿದರೆ ಒಂದು ಮೈಲಿ ದಾಟಿದಿರಿ ಎಂದರ್ಥ. ಬಸ್ಸು ಓಡುವುದು ಹೆಚ್ಚಾಗಿ ಆ ದೊಡ್ಡ ರಸ್ತೆಗಳಲ್ಲಿ. ಅಂದರೆ ಬಸ್ಸಿನ ದಾರಿಗೆ ಸಾಮಾನ್ಯವಾಗಿ ಹೆಚ್ಚೆಂದರೆ ಅರ್ಧ ಮೈಲಿ, 800 ಮೀಟರು. ಸ್ಕೂಟರಿಗೆ ಅದು ಎರಡು ನಿಮಿಷ. ಹಿಮ ಬಿದ್ದ ದಿನ ಊರುಗೋಲಿನವರಿಗೆ ಅದೇ 800 ಮೀಟರು ಆ ದಿನದ ಕೆಲಸವನ್ನೇ ಕೈಬಿಡುವಷ್ಟು ದೂರ.

ಅಂಗವಿಕಲರಿಗೆ ವಿಮೆ ಇದೆಯಲ್ಲ ಎನ್ನಬಹುದು. 65 ದಾಟಿದವರ ಮತ್ತು ದೀರ್ಘಕಾಲದ ಅಂಗವಿಕಲರ ಮೆಡಿಕೇರ್ ವಿಮೆ ಮೊಬಿಲಿಟಿ ಸ್ಕೂಟರಿಗೆ ಒಪ್ಪಿದ ಬೆಲೆಯ ಶೇ. 80ರಷ್ಟನ್ನು ಕೊಡುತ್ತದೆ, ಆದರೆ ಮನೆಯೊಳಗೆ ಓಡಾಡಲು ಅದು ಬೇಕೇಬೇಕೆಂದು ವೈದ್ಯರು ಬರೆದುಕೊಟ್ಟರೆ ಮಾತ್ರ. ಮನೆಯೊಳಗೆ ಗೋಡೆ ಹಿಡಿದು ನಡೆಯಬಲ್ಲೆ, ಮೂಲೆಯ ಅಂಗಡಿಗೆ, ಚರ್ಚಿಗೆ, ಬಸ್ ನಿಲ್ದಾಣಕ್ಕೆ ಹೋಗಲಾರೆ ಎನ್ನುವವರಿಗೆ ಏನೂ ಸಿಗುವುದಿಲ್ಲ. ಮೇರಿ ಥೀಮ್ ಅವರಂಥವರ ಅಗತ್ಯ ಇದೇ ಅಲ್ಲವೇ? ಮನುಷ್ಯರನ್ನು ಮನೆಯೊಳಗೇ ಇರಿಸುವ ಈ ನಿಯಮ ಹೋಗಲೇಬೇಕು. 2011ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದ ಪ್ರಕಾರ ಅಂಗವಿಕಲರು ಸಾಮಾನ್ಯ ವಿದ್ಯುತ್ ಗಾಡಿಯನ್ನು ತಮ್ಮ ಓಡಾಟಕ್ಕೆ ಬಳಸಿದರೆ, ಸುರಕ್ಷತೆಗೆ ಅಡ್ಡಿಯಿಲ್ಲದ ಕಡೆ ಸಾರ್ವಜನಿಕ ಸ್ಥಳಗಳು ಬಿಡಬೇಕು. ಕಾನೂನು ಬಾಗಿಲು ತೆರೆದಿದೆ, ವಿಮೆ ತೆರೆದಿಲ್ಲ. ಗಾಡಿಯನ್ನು ರಿಪೇರಿ ಮಾಡಿಕೊಳ್ಳುವ ಹಕ್ಕೂ ಬೇಕು. ಕೊಲರಾಡೊ ರಾಜ್ಯ 2022ರಲ್ಲಿ ವಿದ್ಯುತ್ ಗಾಲಿಕುರ್ಚಿಯ ಬಿಡಿಭಾಗ, ಕೈಪಿಡಿಗಳನ್ನು ಬಳಕೆದಾರರಿಗೆ ಕೊಡಲೇಬೇಕೆಂದು ಕಾಯ್ದೆ ಮಾಡಿತು. ಸ್ಕೂಟರ್ ಕಂಪನಿಗಳು ಎಷ್ಟು ಬೇಗ ಮುಳುಗುತ್ತವೆಂದು ನೋಡಿದರೆ ಈ ಹಕ್ಕಿನ ಬೆಲೆ ತಿಳಿಯುತ್ತದೆ. 2022ರಲ್ಲಿ ಶಿಕಾಗೊದ ಪರವಾನಗಿ ಪಡೆದ ಸೂಪರ್‌ಪೆಡೆಸ್ಟ್ರಿಯನ್ 2023ರ ಕೊನೆಗೆ ಬಾಗಿಲು ಹಾಕಿತು, ಅದೇ ಡಿಸೆಂಬರಿನಲ್ಲಿ ಬರ್ಡ್ ದಿವಾಳಿ ಅರ್ಜಿ ಹಾಕಿತು.

ಡೆಟ್ರಾಯಿಟ್‌ನ ಮೋಗೊ ಸೈಕಲ್ ಸಂಸ್ಥೆ 2018ರಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಹೆಸರಿಸಬೇಕು. ಕೈಯಿಂದ ತಿರುಗಿಸುವ ತ್ರಿಚಕ್ರಿ, ಒರಗಿ ಕೂರುವ ತ್ರಿಚಕ್ರಿ, ಜೋಡಿ ಸವಾರರ ಸೈಕಲ್ಲು ಹೀಗೆ ಹತ್ತಕ್ಕೂ ಹೆಚ್ಚು ಗಾಡಿಗಳನ್ನು ನದಿದಂಡೆಯ ರಿವಾರ್ಡ್ ಪ್ಲಾಜಾದಲ್ಲಿ ಬಾಡಿಗೆಗೆ ಇಟ್ಟಿತು. ಒಳ್ಳೆಯ ಕೆಲಸ, ಆದರೆ ತೆಗೆದುಕೊಂಡಲ್ಲಿಗೇ ಮರಳಿಸಬೇಕಿತ್ತು. ವಿಹಾರಕ್ಕೆ ಸರಿ, ಕೆಲಸಕ್ಕೆ ಹೋಗಲು ಅಲ್ಲ.

ಈ ಎರಡು ನಗರಗಳ ಸುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ, ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ ಹಳೆಯವು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕದ ಸಮ್ಮೇಳನಗಳು 2002ರಲ್ಲಿ ಡೆಟ್ರಾಯಿಟ್‌ನಲ್ಲೂ 2008ರಲ್ಲಿ ಶಿಕಾಗೊದಲ್ಲೂ ನಡೆದವು. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ-ಅಮ್ಮಂದಿರು ನೋವೈ, ಕ್ಯಾಂಟನ್, ನೇಪರ್‌ವಿಲ್‌ನ ಮನೆಗಳಲ್ಲಿ ಕಾರು ಓಡಿಸಲು ಬಾರದೆ ಕೂತಿರುತ್ತಾರೆ. ಜಯನಗರದಲ್ಲೋ ಸರಸ್ವತಿಪುರಂನಲ್ಲೋ ದಿನವೂ ಹಾಲು, ಹೂವು, ದೇವಸ್ಥಾನ ಎಂದು ಓಡಾಡಿದವರು. ನೋವೈಯಂಥ ಊರುಗಳು ಪ್ರಾದೇಶಿಕ ಬಸ್ ವ್ಯವಸ್ಥೆಯಿಂದ ಬಹುಕಾಲ ಹೊರಗುಳಿದಿದ್ದವು. ಓಕ್‌ಲ್ಯಾಂಡ್ ಕೌಂಟಿಯ ಮತದಾರರು 2022ರ ನವೆಂಬರಿನಲ್ಲಿ ಆ ಹೊರಗುಳಿಯುವ ಅವಕಾಶವನ್ನು ಮುಗಿಸಿದರು. ಬಸ್ಸು ಬಂದರೆ ನಿಲ್ದಾಣದ ತನಕದ ಆ ಒಂದು ಕಿಲೋಮೀಟರಿಗೆ ಸೀಟಿನ ಗಾಡಿ ಬೇಕು.

ನಮ್ಮ ಕಡೆ ಈ ಬುದ್ಧಿ ಕಡಿಮೆಯಿಲ್ಲ. ಕರ್ನಾಟಕದಲ್ಲಿ ಮಾಮೂಲಿ ಸ್ಕೂಟರಿಗೆ ಎರಡೂ ಬದಿ ಸೈಡ್ ವೀಲ್ ಹಾಕಿಸಿಕೊಂಡ ಅಂಗವಿಕಲರನ್ನು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಕಾಣುತ್ತೇವೆ. ಸರ್ಕಾರವೇ ಅಂಥ ವಾಹನಗಳನ್ನು ಹಂಚುತ್ತದೆ, ಅದೂ ಹೊರಗೆ ಹೋಗಿ ದುಡಿಯಲೆಂದು. ಮದರಾಸು ಐಐಟಿಯಲ್ಲಿ ಹುಟ್ಟಿದ ನಿಯೋಬೋಲ್ಟ್ ಗಾಲಿಕುರ್ಚಿಯ ಮುಂದೆ ಕ್ಲಿಪ್ಪಿನಂತೆ ಕೂರುವ ಮೋಟಾರು ಚಕ್ರ. ಕೂತ ಕುರ್ಚಿಯೇ ಗಂಟೆಗೆ 25 ಕಿ.ಮೀ. ಓಡುವ ಮೂರು ಚಕ್ರದ ಗಾಡಿಯಾಗುತ್ತದೆ. ಬೆಂಗಳೂರಿನ ರೇವಾ ಕಾರನ್ನು 2001ರಲ್ಲಿ ಬೀದಿಗಿಳಿಸಿದ ಚೇತನ್ ಮೈನಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಸೌರಕಾರಿನ ತಂಡದಲ್ಲಿದ್ದವರು. ಅಲ್ಲಿಂದ ಇಲ್ಲಿಗೆ ಬಂದ ಅರಿವು ಇಲ್ಲಿಂದ ಅಲ್ಲಿಗೂ ಹೋಗಬಹುದು.

ಅಷ್ಟರತನಕ, ಮನೆಯ ಹಿರಿಯರಿಗೋ ನಡೆಯಲು ಕಷ್ಟಪಡುವವರಿಗೋ ಗಾಡಿ ಕೊಳ್ಳುವಿರಾದರೆ ಹೀಗೆ ಮಾಡಿ. ಹನ್ನೆರಡು ಇಂಚಿಗಿಂತ ಸಣ್ಣ ಚಕ್ರದ್ದು ಬೇಡ. ಬ್ಯಾಟರಿ ಸೀಟಿನ ಕೆಳಗೆ ನೆಲದ ಹತ್ತಿರ ಇದೆಯೇ ನೋಡಿ. ಯುಎಲ್ ಗುರುತು ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ರಿಪೇರಿ ಮಾಡುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿ. ಫೋನಿನಲ್ಲಿ ಚಿತ್ರ ನೋಡಿ ತರಿಸಬೇಡಿ. ಓಡಿಸಬೇಕಾದವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕೂರಿಸಿ, ಒಂದು ತಿರುವು ತಿರುಗಿಸಲು ಹೇಳಿ, ಆಮೇಲೆ ಅವರು ಹೇಳಿದಂತೆ ಮಾಡಿ.